ಮಗುವಿನ ಕಿರುಬೆರಳಿಗೆ ಕೆ-ವೈರ್ (ಮುರಿದ ಮೂಳೆ ಹಿಡಿದಿಡುವ ತೆಳು ಲೋಹದ ತಂತಿ): ಎಷ್ಟು ದಿನ, ಆರೈಕೆ ಹೇಗೆ?

ಪ್ರಶ್ನೆ: 7 ವರ್ಷದ ಮಗು. ಕಿರುಬೆರಳಿನ ಬುಡದ ಮೂಳೆ ಮುರಿದು ಬೆರಳು ತಿರುಚಿಕೊಂಡಿದೆ. ಆಪರೇಷನ್ ಮಾಡಿ ತಂತಿ ಹಾಕಬೇಕಂತೆ. ಬರೀ ಪ್ಲಾಸ್ಟರ್ ಸಾಲದೇ?

ಉತ್ತರ 1: ಮಕ್ಕಳ ಮೂಳೆ ಸ್ವಲ್ಪ ಬಾಗಿದ್ದರೆ ಬೆಳೆಯುತ್ತಾ ನೆಟ್ಟಗಾಗುತ್ತದೆ. ತಿರುಚಿದ್ದು ಹಾಗೆ ಸರಿಹೋಗುವುದಿಲ್ಲ. ಬೆರಳು ಮಡಚಿದಾಗ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತುತ್ತದಲ್ಲ, ಅದೇ ಗುರುತು. ಎಕ್ಸ್‌ರೇಯಲ್ಲಿ ಇದು ಸರಿಯಾಗಿ ಕಾಣುವುದಿಲ್ಲ. ತಡಮಾಡಬೇಡಿ, ಒಂದು ವಾರ ದಾಟಿದರೆ ಮೂಳೆ ಕೂಡತೊಡಗಿ ಕೂರಿಸುವುದು ಕಷ್ಟ.

ಉತ್ತರ 2: ತಂತಿ ಸಾಮಾನ್ಯವಾಗಿ 3-4 ವಾರ. ತುದಿ ಚರ್ಮದ ಹೊರಗೇ ಇದ್ದರೆ ಒಪಿಡಿಯಲ್ಲೇ ಎಳೆದು ತೆಗೆಯುತ್ತಾರೆ. ಅಲ್ಲಿಯವರೆಗೆ ಒಂದು ಹನಿ ನೀರೂ ತಾಗಬಾರದು. ಒದ್ದೆ ಪಟ್ಟಿಯಿಂದಲೇ ಸೋಂಕು ಶುರು. ಮೊದಲ 2-3 ದಿನ ಕೈ ಎದೆಗಿಂತ ಮೇಲಿರಲಿ, ಮಲಗಿದಾಗ ಕೆಳಗೆ ದಿಂಬು. ಕೀವು, ವಾಸನೆ, ಜ್ವರ, ಬೆರಳ ತುದಿ ನೀಲಿಯಾಗುವುದು, ತಂತಿ ಜಾರುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ.

ಉತ್ತರ 3: ತಂತಿ ತೆಗೆದಾಗ ಬೆರಳು ಬಿಗಿದುಕೊಂಡಿರುತ್ತದೆ, ಗಾಬರಿ ಬೇಡ. ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ, ನಡುವೆ ಹತ್ತಿ ಇಡಿ. ಬೆರಳನ್ನು ನೀವು ಹಿಡಿದು ಬಗ್ಗಿಸಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಸ್ಪಂಜು ಹಿಂಡಲು ಕೊಡಿ, ಚಪಾತಿ ಹಿಟ್ಟು ನಾದಲು ಬಿಡಿ.