ಬರ್ಟ್ ವಿಲಿಯಮ್ಸ್ ಕೊನೆಯವರೆಗೂ ಮುಖಕ್ಕೆ ಮಸಿ ಬಳಿದುಕೊಂಡದ್ದು ಏಕೆ?

ರಂಗವಾಚಕ (ಪ್ರಶ್ನೆ):

ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕನ್ ರಂಗಭೂಮಿಯನ್ನು ಕುರಿತು ಓದುವಾಗ ಬರ್ಟ್ ವಿಲಿಯಮ್ಸ್ ಎಂಬ ನಟರ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. 1874ರಲ್ಲಿ ಬಹಾಮಾಸ್‌ನ ನಸ್ಸಾವಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಕುಟುಂಬದೊಡನೆ ಅಮೆರಿಕಕ್ಕೆ ಬಂದು, ವಾಡೆವಿಲ್ (ಹಾಡು, ಕುಣಿತ, ಹಾಸ್ಯದ ಬಿಡಿ ಪ್ರಸಂಗಗಳ ರಂಗಪ್ರದರ್ಶನ) ಮತ್ತು ನ್ಯೂಯಾರ್ಕ್‌ನ ಪ್ರಮುಖ ರಂಗಮಂದಿರಗಳ ತಾಣವಾದ ಬ್ರಾಡ್‌ವೇ ಎರಡರಲ್ಲೂ ತಾರೆಯಾಗಿ ಮೆರೆದು, 1922ರಲ್ಲಿ 47ನೆಯ ವಯಸ್ಸಿಗೇ ತೀರಿಕೊಂಡವರು ಅವರು. ಸ್ವತಃ ಕಪ್ಪು ಜನಾಂಗದವರಾಗಿದ್ದೂ, ಬಿಳಿಯ ನಟರು ಆ ಜನಾಂಗವನ್ನು ಅಣಕಿಸುವುದಕ್ಕೆಂದು ಬಳಸುತ್ತಿದ್ದ ಸುಟ್ಟ ಬಿರಡೆಯ ಮಸಿಯನ್ನೇ ಹಚ್ಚಿಕೊಂಡು ರಂಗಕ್ಕೆ ಬರುತ್ತಿದ್ದರು. ಆರಂಭದಲ್ಲಿ ಅವಕಾಶಕ್ಕಾಗಿ ಹಾಗೆ ಮಾಡಿದರೆಂದರೆ ಒಪ್ಪಬಹುದು. ಆದರೆ ಹೆಸರು, ಹಣ ಎರಡೂ ಕೈಸೇರಿದ ಮೇಲೂ ಆ ಬಣ್ಣವನ್ನು ಏಕೆ ಬಿಡಲಿಲ್ಲ? ಅದು ಬಲವಂತವೇ, ಅಥವಾ ಅವರೇ ಆರಿಸಿಕೊಂಡ ದಾರಿಯೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಮೂರನೆಯ ಗಂಟೆ:

ರಂಗವಾಚಕರೇ, ಈ ಪ್ರಶ್ನೆಯನ್ನು ವಿಲಿಯಮ್ಸ್ ಒಬ್ಬರನ್ನೇ ಮುಂದಿಟ್ಟುಕೊಂಡು ಕೇಳಿದರೆ ಉತ್ತರ ಅರ್ಧವೇ ಸಿಗುತ್ತದೆ; ಜೊತೆಗಾರ ಜಾರ್ಜ್ ವಾಕರ್ ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು. ಇಬ್ಬರೂ 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಮಿನ್‌ಸ್ಟ್ರೆಲ್ ತಂಡದಲ್ಲಿ, ಅಂದರೆ ಕಪ್ಪು ಜನರನ್ನು ಅಣಕಿಸುವ ಹಾಡು-ಹಾಸ್ಯದ ಪ್ರದರ್ಶನ ನೀಡುವ ತಂಡದಲ್ಲಿ, ಭೇಟಿಯಾದರು. ಆಗಿನ ಹಂಚಿಕೆಯಲ್ಲಿ ವಾಕರ್ ನಗಿಸುವವರು, ವಿಲಿಯಮ್ಸ್ ಗಂಭೀರವಾಗಿ ಮಾತಿಗೆ ಮಾತು ಒದಗಿಸುವವರು. ಕೆಲವು ವರ್ಷಗಳ ಬಳಿಕ ಡೆಟ್ರಾಯಿಟ್‌ನಲ್ಲಿ, ಸುಮ್ಮನೆ ತಮಾಷೆಗೆಂದು ವಿಲಿಯಮ್ಸ್ ಮಸಿ ಹಚ್ಚಿಕೊಂಡು ಒಂದು ಹಾಡು ಹೇಳಿದರು. ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಪಾತ್ರಗಳು ಅದಲುಬದಲಾದವು. ವಾಕರ್ ಮಸಿಯಿಲ್ಲದ ಮುಖದಲ್ಲಿ, ಠಾಕುಠೀಕಾಗಿ ಉಡುಪು ಧರಿಸಿದ ಷೋಕಿಲಾಲನಾದರು. ವಿಲಿಯಮ್ಸ್ ಅಳತೆಗೆ ಒಗ್ಗದ ಹಳೆಯ ಕೋಟು, ದೊಡ್ಡ ಬೂಟು ತೊಟ್ಟ ನತದೃಷ್ಟನಾದರು. ವಿಲಿಯಮ್ಸ್ ಅವರ ಮೈಬಣ್ಣ ವಾಕರ್‌ಗಿಂತ ತಿಳಿಯಾದುದು ಎಂಬುದನ್ನೂ ಮರೆಯಬಾರದು. ಪ್ರೇಕ್ಷಕರು ಒಪ್ಪುವ ‘ಕಪ್ಪು ಮನುಷ್ಯ’ನಾಗಲು ಅವರು ಬಣ್ಣ ಹಚ್ಚಿಕೊಳ್ಳಲೇಬೇಕಿತ್ತು.

ವಾಕರ್ 1906ರಲ್ಲಿ ಒಂದು ರಂಗಪತ್ರಿಕೆಗೆ ಲೇಖನ ಬರೆದರು. ಕಪ್ಪು ನಟನೊಬ್ಬ ತನ್ನನ್ನೇ ತಾನು ಚಿತ್ರಿಸಿಕೊಳ್ಳುವುದಕ್ಕಾಗಿ ಬಿಳಿಯರ ಅಣಕವನ್ನು ಅನುಕರಿಸಿ ನಗೆಪಾಟಲಾಗುವುದಕ್ಕಿಂತ ಅಸಂಬದ್ಧವಾದದ್ದು ಇನ್ನೊಂದಿಲ್ಲ ಎಂಬುದು ಅದರ ತಿರುಳು. ಇದನ್ನು ಬರೆದವರ ಪಕ್ಕದಲ್ಲೇ ದಿನವೂ ಮಸಿ ಹಚ್ಚಿಕೊಂಡ ಗೆಳೆಯ ನಿಲ್ಲುತ್ತಿದ್ದರು! ಇಬ್ಬರ ನಡುವೆ ಜಗಳವಿತ್ತೆಂದು ನಾನು ಹೇಳುತ್ತಿಲ್ಲ. ಮುಖವಾಡವನ್ನು ಹಾಕಿಕೊಂಡೇ ಅದರ ಆಚೆಗೆ ದಾರಿ ಹುಡುಕುವುದು ಆ ಜೋಡಿಯ ಒಟ್ಟು ಯೋಜನೆಯಾಗಿತ್ತು ಎಂಬುದು ನನ್ನ ಅಭಿಪ್ರಾಯ. ಕಪ್ಪು ಕಲಾವಿದರೇ ಬರೆದು, ಸಂಗೀತ ಕೂಡಿಸಿ, ಅಭಿನಯಿಸಿದ ‘ಇನ್ ದಹೋಮಿ’ ಎಂಬ ಸಂಗೀತ ನಾಟಕ 1903ರ ಫೆಬ್ರವರಿಯಲ್ಲಿ ಬ್ರಾಡ್‌ವೇಯ ದೊಡ್ಡ ರಂಗಮಂದಿರವೊಂದನ್ನು ಏರಿ, 53 ಪ್ರದರ್ಶನ ಕಂಡು, ಅದೇ ವರ್ಷ ಲಂಡನ್‌ಗೆ ಹೋಗಿ ಬಕಿಂಗ್‌ಹ್ಯಾಮ್ ಅರಮನೆಯಲ್ಲೂ ಪ್ರದರ್ಶನಗೊಂಡದ್ದು ಆ ಯೋಜನೆಯ ಫಲ. ನ್ಯೂಯಾರ್ಕ್‌ನಲ್ಲಿ ಅದನ್ನು ನೋಡಲು ಬಂದ ಕಪ್ಪು ಪ್ರೇಕ್ಷಕರಿಗೆ ಮಾತ್ರ ಮೇಲಿನ ಗ್ಯಾಲರಿಯೇ ಗತಿಯಾಗಿತ್ತು.

ಹಳೆಯ ತಟ್ಟೆ:

ಮೇಲಿನವರು ಇತಿಹಾಸವನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ನಾನು ಅಭಿನಯದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಬಿರಡೆಯನ್ನು ಸುಟ್ಟು, ಪುಡಿಮಾಡಿ, ನೀರಿನಲ್ಲಿ ಕಲಸಿ ಹಚ್ಚಿದ ಆ ಲೇಪ ಮುಖದ ಸೂಕ್ಷ್ಮ ಗೆರೆಗಳನ್ನೆಲ್ಲ ನುಂಗಿಬಿಡುತ್ತದೆ. ಉಳಿಯುವುದು ಕಣ್ಣು, ಬಾಯಿ ಮತ್ತು ಬಿಳಿಯ ಕೈಗವಸು ತೊಟ್ಟ ಬೆರಳುಗಳು. ಹೆಚ್ಚಿನ ನಟರು ಈ ಕೊರತೆಯನ್ನು ಅಬ್ಬರದಿಂದ ತುಂಬಿಕೊಳ್ಳುತ್ತಿದ್ದರು. ವಿಲಿಯಮ್ಸ್ ಮೌನದಿಂದ ತುಂಬಿದರು. ‘ನೋಬಡಿ’ ಎಂಬ ಪ್ರಸಿದ್ಧ ಹಾಡಿಗೆ ಮೊದಲು ಅವರು ಕೋಟಿನ ಜೇಬಿನಿಂದ ಒಂದು ಚಿಕ್ಕ ಪುಸ್ತಕವನ್ನು ಹೊರತೆಗೆದು, ಬೇಕಾದ ಪುಟ ಸಿಗುವವರೆಗೂ ಒಂದೊಂದಾಗಿ ಹಾಳೆ ತಿರುವುತ್ತಿದ್ದರಂತೆ. ಸಭೆ ಕಾಯುತ್ತಿತ್ತು. ಆಮೇಲೆ ಅರ್ಧ ಮಾತು, ಅರ್ಧ ಹಾಡು. 1906ರಲ್ಲಿ ಕೊಲಂಬಿಯಾ ಕಂಪನಿಗೆ ಧ್ವನಿಮುದ್ರಿಸಿದ ತಟ್ಟೆ ಇಂದಿಗೂ ಕೇಳಲು ಸಿಗುತ್ತದೆ. ತಾಳಕ್ಕಿಂತ ಒಂದು ಗುಟುಕು ಹಿಂದೆ ಉಳಿದು ಸಾಲು ಮುಗಿಸುವ ಆ ಸೋಮಾರಿ ನಡೆಯನ್ನು ಗಮನಿಸಿ. ಈ ಹಾಡು ಅವರ ಬೆನ್ನು ಬಿಡಲೇ ಇಲ್ಲ. ಹೊಸದೇನನ್ನು ಹಾಡಿದರೂ ಸಭೆ ಇದನ್ನೇ ಕೇಳುತ್ತಿತ್ತು. ಸಾಹಿತ್ಯ ಬರೆದವರೂ ರಾಗ ಕೂಡಿಸಿದವರೂ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎನ್ನುವಷ್ಟು ಬೇಸತ್ತಿದ್ದರಂತೆ. ಸಾಹಿತ್ಯ ಅಲೆಕ್ಸ್ ರಾಜರ್ಸ್ ಅವರದು, ರಾಗ ಸ್ವತಃ ವಿಲಿಯಮ್ಸ್ ಅವರದೇ.

ನಿಮ್ಮ ಪ್ರಶ್ನೆಗೆ ವಿಲಿಯಮ್ಸ್ ಅವರೇ 1918ರ ಒಂದು ಲೇಖನದಲ್ಲಿ ಉತ್ತರ ಕೊಟ್ಟಿದ್ದಾರೆ. ತನ್ನನ್ನು ಇನ್ನೊಬ್ಬ ವ್ಯಕ್ತಿಯಾಗಿ ಕಾಣಲು ಸಾಧ್ಯವಾದ ಮೇಲೆಯೇ ತನ್ನ ಹಾಸ್ಯಪ್ರಜ್ಞೆ ಬೆಳೆಯಿತು ಎನ್ನುತ್ತಾರೆ. ಆಕಾಶದಿಂದ ಸೂಪಿನ ಮಳೆಯೇ ಸುರಿದರೂ ಕೈಯಲ್ಲಿ ಚಮಚದ ಬದಲು ಫೋರ್ಕ್ ಹಿಡಿದು ನಿಂತವನು ತನ್ನ ಪಾತ್ರ ಎಂಬ ವರ್ಣನೆಯೂ ಅಲ್ಲಿಯದೇ. ಮಸಿ ಅವರಿಗೆ ಆ ‘ಇನ್ನೊಬ್ಬ’ನನ್ನು ಒದಗಿಸಿತು. ಆದ್ದರಿಂದ ಇದು ಬರೀ ಬಲವಂತ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಪಕ್ಕಪರದೆ:

ಹಳೆಯ ತಟ್ಟೆಯವರ ಮಾತನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ನಟನೊಬ್ಬ ತನ್ನ ಸಂಕೋಲೆಯನ್ನು ಕಲೆಯಾಗಿ ಬಳಸಿಕೊಂಡ ಮಾತ್ರಕ್ಕೆ ಅದು ಆಯ್ಕೆಯಾಗಿಬಿಡುವುದಿಲ್ಲ. ಅದೇ 1918ರ ಲೇಖನದಲ್ಲಿ, ಕಪ್ಪು ಮನುಷ್ಯನಾಗಿರುವುದು ಅವಮಾನಕರ ಎಂದು ತನಗೆ ಎಂದೂ ಅನ್ನಿಸಿಲ್ಲ, ಆದರೆ ಅಮೆರಿಕದಲ್ಲಿ ಅದು ಅನಾನುಕೂಲ ಎಂದು ಅನೇಕ ಸಲ ಅನ್ನಿಸಿದೆ ಎಂದೂ ಅವರು ಬರೆದಿದ್ದಾರೆ. 1910ರಲ್ಲಿ ರಂಗ ನಿರ್ಮಾಪಕ ಜೀಗ್‌ಫೆಲ್ಡ್ ಅವರು ವಿಲಿಯಮ್ಸ್ ಅವರನ್ನು ‘ಫಾಲೀಸ್’ ಎಂಬ ತಮ್ಮ ಹಾಡು, ಕುಣಿತ, ಹಾಸ್ಯದ ಬ್ರಾಡ್‌ವೇ ಪ್ರದರ್ಶನಕ್ಕೆ ಸೇರಿಸಿಕೊಂಡಾಗ ಬಿಳಿಯ ನಟರಲ್ಲಿ ಕೆಲವರು ಪ್ರತಿಭಟಿಸಿದರು. ರಂಗದ ಮೇಲೆ ಬಿಳಿಯ ನಟಿಯೊಬ್ಬಳೊಡನೆ ಅವರು ಒಂಟಿಯಾಗಿ ಕಾಣಿಸಿಕೊಳ್ಳಬಾರದು ಎಂಬುದು ಒಪ್ಪಂದದ ಷರತ್ತಾಗಿತ್ತು. ಇದನ್ನು ತಮ್ಮ ರಕ್ಷಣೆಗಾಗಿ ಅವರೇ ಕೇಳಿ ಹಾಕಿಸಿಕೊಂಡರೆಂದು ಹೇಳುತ್ತಾರೆ. ಹಾಗಿದ್ದರಂತೂ ಇನ್ನೂ ಕೆಟ್ಟದಾಯಿತು. ಇಂಥ ಸಭೆಯ ಮುಂದೆ ಮಸಿಯಿಲ್ಲದ ಮುಖದಲ್ಲಿ ನಿಲ್ಲುವ ಆಯ್ಕೆ ಎಲ್ಲಿತ್ತು?

ಇನ್ನೊಂದು ಪುರಾವೆ ಸಿನಿಮಾದ್ದು. 1913ರಲ್ಲಿ ಬಯೋಗ್ರಾಫ್ ಕಂಪನಿ ಅವರನ್ನು ನಾಯಕನನ್ನಾಗಿಸಿ, ಕಪ್ಪು ಕಲಾವಿದರನ್ನೇ ಕೂಡಿಸಿ ಚಿತ್ರೀಕರಿಸಿ ಅರ್ಧಕ್ಕೇ ಕೈಬಿಟ್ಟ ಚಿತ್ರದ ತುಣುಕುಗಳನ್ನು ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ 2014ರಲ್ಲಿ ಜೋಡಿಸಿ ತೋರಿಸಿತು. ಅದರಲ್ಲಿ ನಾಯಕಿಯೂ ಸುತ್ತಲಿನವರೂ ತಮ್ಮ ಸಹಜ ಮುಖದಲ್ಲಿದ್ದಾರೆ, ವಿಲಿಯಮ್ಸ್ ಮಾತ್ರ ಮಸಿಯಲ್ಲಿದ್ದಾರೆ. ಒಬ್ಬರು ಮುಖವಾಡ ಹೊತ್ತದ್ದರಿಂದ ಉಳಿದವರಿಗೆ ಸಾಮಾನ್ಯ ಮನುಷ್ಯರಂತೆ ನಗುವ, ಕುಣಿಯುವ, ಮುದ್ದಿಸುವ ಅವಕಾಶ ದೊರೆಯಿತು ಎಂದು ನನಗೆ ಕಾಣುತ್ತದೆ.

ರಂಗವಾಚಕ:

ಎಲ್ಲರಿಗೂ ಕೃತಜ್ಞತೆಗಳು. ಒಂದು ಸಣ್ಣ ಅನುಮಾನ: ಸ್ವಂತ ತಂಡವನ್ನೇ ಕಟ್ಟಿದ್ದವರು ಅದನ್ನು ಬಿಟ್ಟು ಬಿಳಿಯರ ಪ್ರದರ್ಶನಕ್ಕೆ ಏಕೆ ಸೇರಿದರು?

ಮೂರನೆಯ ಗಂಟೆ:

ವಾಕರ್ ಕಾಯಿಲೆ ಬಿದ್ದದ್ದೇ ಮುಖ್ಯ ಕಾರಣ. ತಂಡದ ವ್ಯವಹಾರ, ಜಾಹೀರಾತು, ಹೊಸ ನಾಟಕಗಳ ಕನಸು ಎಲ್ಲವೂ ಅವರ ತಲೆಯ ಮೇಲಿದ್ದವು. 1909ರಲ್ಲಿ ಅವರು ರಂಗ ಬಿಟ್ಟ ಮೇಲೆ ಅವರ ಪತ್ನಿ, ಅದ್ಭುತ ನರ್ತಕಿ ಐಡಾ ಓವರ್ಟನ್ ವಾಕರ್, ಗಂಡುಡುಗೆ ತೊಟ್ಟು ಗಂಡನ ಹಾಡನ್ನು ತಾವೇ ಹಾಡಿ ಪ್ರದರ್ಶನ ನಡೆಸಿದರು. ವಿಲಿಯಮ್ಸ್ ಅದೇ ವರ್ಷ ಒಬ್ಬರೇ ನಾಯಕರಾಗಿ ಒಂದು ನಾಟಕ ಕಟ್ಟಿದರು, ಅದು ಕೈಹಿಡಿಯಲಿಲ್ಲ. ವಾಕರ್ 1911ರ ಜನವರಿಯಲ್ಲಿ ನಿಧನರಾದರು. ಫಾಲೀಸ್ ಸಂಬಳ, ಭದ್ರತೆ, ಬ್ರಾಡ್‌ವೇಯ ಅತಿ ದೊಡ್ಡ ಪ್ರೇಕ್ಷಕ ವರ್ಗ ಎಲ್ಲವನ್ನೂ ಕೊಟ್ಟಿತು; ಜೊತೆಯಲ್ಲಿ ಮಸಿಯಿಲ್ಲದೆ ನಿಲ್ಲುತ್ತಿದ್ದ ಒಬ್ಬ ವಾಕರ್‌ನನ್ನು ಮಾತ್ರ ಕೊಡಲಿಲ್ಲ. ಆ ಜೋಡಿಯಲ್ಲಿ ವಿಲಿಯಮ್ಸ್ ಅವರ ಮುಖವಾಡಕ್ಕೆ ಎದುರುತ್ತರವೊಂದು ಪಕ್ಕದಲ್ಲೇ ಇರುತ್ತಿತ್ತು, ಫಾಲೀಸ್‌ನಲ್ಲಿ ಅದು ಇರಲಿಲ್ಲ. ಅವರ ಅಭಿನಯವನ್ನು ನೋಡಬಯಸುವವರು 1916ರ ‘ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್’ ಎಂಬ ಕಿರುಚಿತ್ರದಿಂದ ಆರಂಭಿಸಬಹುದು. ಅದರ ಕೊನೆಯಲ್ಲಿ ಸೆರೆಕೋಣೆಯಲ್ಲಿ ಕುಳಿತು, ಇಲ್ಲದ ಇಸ್ಪೀಟೆಲೆಗಳನ್ನು ಇಲ್ಲದ ಆಟಗಾರರಿಗೆ ಹಂಚಿ, ಅವರು ಪೋಕರ್ ಆಡಿ ಸೋಲುತ್ತಾರೆ.