ಪದಚರ್ಚೆ: ಕುದುರೆಯ ಬಾಯಲ್ಲಿ ಆಗುವುದು ಹುಣ್ಣೋ, ಗಾಯವೋ, ಗುಳ್ಳೆಯೋ? (ಇವತ್ತು ರಾತ್ರಿಯೇ ಬೇಕು)

ಎಲ್ಲರಿಗೂ ನಮಸ್ಕಾರ.

ಕುದುರೆ ಲಾಯದ ಗೋಡೆಗೆ ಹಾಕುವ ಒಂದು ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಾತ್ರಿ ಮುದ್ರಣಕ್ಕೆ ಹೋಗಬೇಕು, ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಮೂಲದಲ್ಲಿ ‘ಮೌತ್ ಸೋರ್ಸ್’ ಅಂತಿದೆ. ಮೊದಲು ‘ಬಾಯಿಹುಣ್ಣು’ ಅಂತ ಬರೆದೆ. ಕೆಳಗಿನ ಕಾರಣಗಳನ್ನು ಓದಿದಾಗ ಅನುಮಾನ ಬಂತು. ಕಡಿವಾಣ ಒತ್ತಿ ಆದದ್ದು, ಚೂಪು ಹಲ್ಲು ಕೊರೆದು ಆದದ್ದು, ಹುಲ್ಲಿನ ಮುಳ್ಳು ಚುಚ್ಚಿ ಆದದ್ದು, ವೈರಸ್‌ನಿಂದ ಎದ್ದದ್ದು. ಇವೆಲ್ಲಾ ಹುಣ್ಣೇನಾ?

ಇನ್ನೂ ಮೂರು ಪದ ಬೇಕು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಕುದುರೆಗೆ ಹಲ್ಲಿಲ್ಲದ ಜಾಗ ಇರುತ್ತದಲ್ಲ, ಕಡಿವಾಣದ ಕಂಬಿ ಕೂರುವ ಜಾಗ, ಅದಕ್ಕೆ ಏನನ್ನೋಣ? ಬಾಯಿ ನೋಯುವಾಗ ಕುದುರೆ ಹುಲ್ಲನ್ನು ಅರ್ಧ ಜಗಿದು ಉಂಡೆಯಾಗಿ ಕೆಳಗೆ ಬೀಳಿಸುತ್ತದೆ, ಅದಕ್ಕೆ? ಹಲ್ಲಿನ ಚೂಪು ಅಂಚನ್ನು ಉಜ್ಜಿ ಸಮ ಮಾಡುವುದಕ್ಕೆ?

ಫಲಕದ ಮುಂದೆ ನಿಂತು ಓದುವವರಿಗೆ ತಟ್ಟನೆ ತಿಳಿಯುವ ಪದ ಕೊಡಿ. ನಿಘಂಟಿನಲ್ಲಿರುವುದನ್ನು ನಾನೂ ನೋಡಿದ್ದೇನೆ.

– ಅನುವಾದಕಿ

*

ಮೇಡಂ,

‘ಮುಖಪಾಕ’. ವೈದ್ಯಶಾಸ್ತ್ರದಲ್ಲಿ ಸಾವಿರಾರು ವರ್ಷದಿಂದ ಇರುವ ಪದ. ಅಶ್ವಮುಖಪಾಕ ಎಂದು ಸಮಾಸ ಮಾಡಿದರೆ ತಲೆಬರಹ ಒಂದೇ ಪದದಲ್ಲಿ ಮುಗಿಯಿತು. ಕಡಿವಾಣಕ್ಕೆ ‘ಖಲೀನ’ ಎಂದು ಬಳಸಿ. ಇದ್ದುದನ್ನು ಬಿಟ್ಟು ಹೊಸದು ಹುಡುಕುವ ಚಟ ಯಾಕೋ ತಿಳಿಯದು.

– ಪಂಡಿತ

*

> ‘ಮುಖಪಾಕ’

ಸ್ವಾಮಿ, ಕನ್ನಡದಲ್ಲಿ ಮುಖ ಅಂದ್ರೆ ಬಾಯಲ್ಲ. ಪಾಕ ಅಂದ್ರೆ ಬೆಲ್ಲದ ಪಾಕ, ನಳಪಾಕ. ಓದಿದವನು ಕುದುರೆಯ ಮುಖಕ್ಕೆ ಏನೋ ಕಾಯಿಸಿ ಬಳಿಯಬೇಕು ಅಂದುಕೊಳ್ಳುತ್ತಾನೆ.

ಹುಣ್ಣು ಅಚ್ಚಗನ್ನಡ. ಹಳೆಯ ರೂಪ ಪುಣ್. ತಮಿಳಿನಲ್ಲೂ ಪುಣ್, ತೆಲುಗಿನಲ್ಲಿ ಪುಂಡು. ಕೈ+ಪಿಡಿ ಕೈವಿಡಿ ಆದ ಹಾಗೆ ಬಾಯ್+ಪುಣ್ ಬಾಯ್ವುಣ್. ಆದ್ದರಿಂದ ‘ಬಾಯ್ವುಣ್ಣು’ ಎಂದು ಬರೆಯುವುದೇ ಸರಿ. ‘ಬಾಯಿಹುಣ್ಣು’ ಎನ್ನುವುದು ಸಂದಿ ಮರೆತವರ ಬರಹ.

– ನುಡಿಗಾರ

*

ಸಂಧಿ ಸರಿ, ಪದ ಸತ್ತಿದೆ. ‘ಬಾಯ್ವುಣ್ಣು’ ಅಂತ ಯಾವ ತಾಯಿ ಮಗುವಿಗೆ ಹೇಳಿದ್ದಾಳೆ? ಫಲಕದಲ್ಲಿ ಹಾಕಿದರೆ ಅಚ್ಚಿನ ತಪ್ಪು ಅಂತ ಯಾರಾದರೂ ಪೆನ್ನು ತೆಗೆದು ತಿದ್ದುತ್ತಾರೆ. ನಾನಾದರೆ ಖಂಡಿತ ತಿದ್ದುತ್ತೇನೆ.

– ಕರಡು ತಿದ್ದುವವ

*

ಸಂಧಿಯ ಜಗಳ ನೀವು ಮುಂದುವರಿಸಿ. ನಾನು ಕುದುರೆಗಳ ಬಾಯಿ ತೆಗೆದು ನೋಡುವವನು. ಮೇಡಂ ಅವರಿಗೆ ಬಂದ ಅನುಮಾನ ಸರಿಯಾಗಿಯೇ ಇದೆ. ಇಲ್ಲಿ ಮೂರು ಬೇರೆ ಬೇರೆ ವಿಷಯ ಇವೆ. ಕನ್ನಡದಲ್ಲಿ ಮೂರಕ್ಕೂ ಪದ ಇದೆ. ಒಂದೇ ಹುಣ್ಣಿನಲ್ಲಿ ಎಲ್ಲವನ್ನೂ ಕಟ್ಟಿಹಾಕಿದರೆ ಫಲಕ ಹಾಕಿಸಿಯೂ ಪ್ರಯೋಜನ ಇಲ್ಲ.

ಒಂದು, ಗಾಯ. ಏನೋ ತಗುಲಿ, ಉಜ್ಜಿ, ಚುಚ್ಚಿ ಆಗುವುದು. ಕುದುರೆಯಲ್ಲಿ ಇದೇ ಜಾಸ್ತಿ. ಅದರ ಹಲ್ಲು ನಮ್ಮದರಂತೆ ಒಮ್ಮೆ ಬಂದು ನಿಲ್ಲುವುದಿಲ್ಲ. ವರ್ಷಕ್ಕೆ 2ರಿಂದ 3 ಮಿಲಿಮೀಟರ್‌ನಷ್ಟು ಒಸಡಿನಿಂದ ಹೊರಬರುತ್ತಲೇ ಇರುತ್ತದೆ, ಜಗಿದು ಜಗಿದು ಸವೆಯುತ್ತಲೇ ಇರುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಮೇಲಿನ ಹಲ್ಲಿನ ಹೊರ ಅಂಚೂ ಕೆಳಗಿನ ಹಲ್ಲಿನ ಒಳ ಅಂಚೂ ಪೂರ್ತಿ ಸವೆಯದೆ ಚೂಪಾಗಿ ಉಳಿಯುತ್ತವೆ. ಮೇಲಿನದು ಕೆನ್ನೆಯ ಒಳಭಾಗ ಕೊರೆಯುತ್ತದೆ. ಕೆಳಗಿನದು ನಾಲಿಗೆಯ ಬದಿ ಕೊರೆಯುತ್ತದೆ. ಗಾಯ ಎಲ್ಲಿದೆ ಅಂತ ನೋಡಿದರೆ ಯಾವ ಹಲ್ಲು ಅಂತ ಅರ್ಧ ಗೊತ್ತಾಗಿಬಿಡುತ್ತದೆ. ಇದರ ಜೊತೆ ಮೂಗಿನ ಪಟ್ಟಿ ಬಿಗಿಯಾಗಿ ಕಟ್ಟಿದರೆ ಕೆನ್ನೆ ಹೋಗಿ ಆ ಚೂಪಿಗೇ ಒತ್ತುತ್ತದೆ. ಆಗ ತಪ್ಪೆಲ್ಲ ಕಡಿವಾಣದ ಮೇಲೆ ಬರುತ್ತದೆ, ಪಾಪ. ಕಡಿವಾಣದಿಂದಲೇ ಆಗುವ ಗಾಯ ಸಾಮಾನ್ಯವಾಗಿ ಬಾಯಿಯ ಮೂಲೆಯಲ್ಲಿ, ಇಲ್ಲವೇ ನೀವು ಕೇಳಿದ ಹಲ್ಲಿಲ್ಲದ ಜಾಗದಲ್ಲಿ.

ಎರಡು, ಗುಳ್ಳೆ. ಒಳಗೆ ನೀರು ತುಂಬಿ ಏಳುವುದು. ಇದು ಬಂದರೆ ಯೋಚನೆಯ ದಾರಿಯೇ ಬೇರೆ. ವೆಸಿಕ್ಯುಲರ್ ಸ್ಟೊಮಟೈಟಿಸ್ ಅಂತ ವೈರಸ್ ಕಾಯಿಲೆ ಇದೆ, ಅಮೆರಿಕ ಖಂಡಗಳಲ್ಲಿ ಕಾಣುವಂಥದ್ದು. ಸೋಂಕು ತಗುಲಿ 2ರಿಂದ 8 ದಿನಗಳಲ್ಲಿ ನಾಲಿಗೆ, ತುಟಿ, ಒಸಡಿನ ಮೇಲೆ ಗುಳ್ಳೆ ಏಳುತ್ತದೆ. ಕೆಲವಕ್ಕೆ ಗೊರಸಿನ ಮೇಲಂಚಿನಲ್ಲೂ ಏಳುತ್ತದೆ. ಕಚ್ಚುವ ಸಣ್ಣ ನೊಣಗಳು ಹರಡುತ್ತವೆ, ಒಂದೇ ತೊಟ್ಟಿ, ಒಂದೇ ಕಡಿವಾಣದಿಂದಲೂ ದಾಟುತ್ತದೆ. ಮುಟ್ಟುವ ಮನುಷ್ಯನಿಗೂ ಬರಬಹುದು, ಜ್ವರ, ಮೈಕೈ ನೋವು. ಹಾಗಾಗಿ ಕೈಗವಸು ಬೇಕು.

ಮೂರು, ಹುಣ್ಣು. ಗುಳ್ಳೆ ಒಡೆದ ಮೇಲೆ ಅಥವಾ ಚರ್ಮದ ಮೇಲ್ಪದರ ಕಿತ್ತುಹೋದ ಮೇಲೆ ಉಳಿಯುವ ಹಸಿ ಜಾಗ. ಕುದುರೆಯಲ್ಲಿ ಗುಳ್ಳೆ ಬೇಗ ಒಡೆಯುತ್ತದೆ. ಎಷ್ಟೋ ಸಲ ನಮಗೆ ಕಾಣುವುದು ಬರೀ ಹುಣ್ಣು, ನಾಲಿಗೆಯ ಮೇಲೆ ಕೆಂಪಗೆ ಸಿಪ್ಪೆ ಸುಲಿದ ಹಾಗೆ. ನೋವಿನ ಔಷಧಿ ಫೀನೈಲ್‌ಬ್ಯುಟಜೋನ್ ಅತಿಯಾದರೂ ಬಾಯಲ್ಲಿ ಹುಣ್ಣಾಗುತ್ತದೆ, ಹೊಟ್ಟೆಯೊಳಗೂ ಆಗುತ್ತದೆ. ಮೂತ್ರಪಿಂಡ ಕೆಟ್ಟಾಗಲೂ ಆಗುತ್ತದೆ.

ಕೊನೆಗೆ ಒಂದು ಮಾತು. ದಯವಿಟ್ಟು ‘ಕಾಲುಬಾಯಿ’ ಎಂಬ ಪದ ಫಲಕದ ಹತ್ತಿರವೂ ಸುಳಿಯದಿರಲಿ. ಆ ರೋಗ ಸೀಳುಗೊರಸಿನ ಪ್ರಾಣಿಗಳಿಗೆ ಬರುವುದು, ಕುದುರೆಗೆ ಬರುವುದಿಲ್ಲ. ದನದಲ್ಲಾದರೆ ಆ ವೈರಸ್ ಗುಳ್ಳೆಗೂ ಕಾಲುಬಾಯಿಗೂ ಕಣ್ಣಲ್ಲಿ ನೋಡಿ ವ್ಯತ್ಯಾಸ ಹೇಳಲು ಆಗುವುದಿಲ್ಲ, ಪ್ರಯೋಗಾಲಯಕ್ಕೇ ಕಳಿಸಬೇಕು.

– ಪಶುವೈದ್ಯ

*

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಮೂಲದಲ್ಲಿ ಹುಲ್ಲಿನ ಮುಳ್ಳು ಮತ್ತೆ ಯಾವುದೋ ಜೀರುಂಡೆ ಕೂಡ ಇವೆ. ಅವು ಯಾವುದಕ್ಕೆ ಸೇರುತ್ತವೆ? ಅರ್ಧ ಜಗಿದ ಉಂಡೆಗೆ ‘ಮೆಲುಕಿನ ಉಂಡೆ’ ಅನ್ನಬಹುದಾ?

– ಅನುವಾದಕಿ

*

ಮೆಲುಕು ಬೇಡ. ಕುದುರೆ ಮೆಲುಕು ಹಾಕುವ ಪ್ರಾಣಿಯೇ ಅಲ್ಲ. ‘ಅರೆ ಜಗಿದ ಹುಲ್ಲಿನ ಉಂಡೆ’ ಅಂತ ಬಿಡಿಸಿ ಬರೆಯಿರಿ. ತೊಟ್ಟಿಯ ಕೆಳಗೆ ಬಿದ್ದಿರುತ್ತದೆ. ಒದ್ದೆಯಾಗಿ, ಉದ್ದಕ್ಕೆ ಹೊಸೆದ ಹಾಗೆ. ಕೈಯಲ್ಲಿ ಹಿಡಿದು ಬಿಡಿಸಿದರೆ ಹುಲ್ಲಿನ ಎಳೆಗಳು ಇನ್ನೂ ಉದ್ದುದ್ದ ಇರುತ್ತವೆ. ಬಾಯಿ ತೆಗೆಸುವ ಮೊದಲೇ ನಾನು ನೋಡುವುದು ಅದನ್ನೇ.

ಹುಲ್ಲಿನ ಮುಳ್ಳು ಗಾಯಕ್ಕೆ ಸೇರುತ್ತದೆ. ನವಣೆಯ ಜಾತಿಯ ಕಾಡು ಹುಲ್ಲುಗಳ ತೆನೆಯಲ್ಲಿ ಸಣ್ಣ ಕೊಕ್ಕೆ ಇರುವ ಮುಳ್ಳು ಇರುತ್ತವೆ. ಒಣಹುಲ್ಲಿನಲ್ಲಿ ಸೇರಿಕೊಂಡು ಬಂದರೆ ತುಟಿಯ ಒಳಗೆ, ನಾಲಿಗೆಯ ಅಡಿ, ಒಸಡಿನ ಸಂದಿಯಲ್ಲಿ ಹೊಕ್ಕು ಕೂರುತ್ತವೆ. ಒಂದೇ ಹುಲ್ಲು ತಿಂದ ನಾಲ್ಕಾರು ಕುದುರೆಗೆ ಒಟ್ಟಿಗೆ ಆಗುವುದರಿಂದ ಜನ ಅಂಟುರೋಗ ಅಂತ ಹೆದರುತ್ತಾರೆ. ಬೆರಳಲ್ಲಿ ಸವರಿದರೆ ಮುಳ್ಳು ತಾಗುತ್ತದೆ. ಆದರೆ ಗುಳ್ಳೆಯ ಅನುಮಾನ ಇದ್ದರೆ ಬೆರಳು ಹಾಕುವುದು ವೈದ್ಯರಿಗೆ ಬಿಡಿ.

ಜೀರುಂಡೆ ಗುಳ್ಳೆಗೆ. ಕುದುರೆಮೆಂತೆಯ ಒಣಮೇವಿನಲ್ಲಿ ಸಿಕ್ಕಿಕೊಂಡು ಬರುತ್ತದೆ. ಅದರ ಮೈಯಲ್ಲಿರುವ ಕ್ಯಾಂಥರಿಡಿನ್ ವಿಷ ಒಣಗಿದರೂ ಹೋಗುವುದಿಲ್ಲ, ಸತ್ತ ಹುಳುವೂ ಅಷ್ಟೇ ಅಪಾಯ. ಬಾಯಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಹೊಟ್ಟೆನೋವು ಶುರುವಾಗಿರುತ್ತದೆ. ಪ್ರಾಣ ತೆಗೆಯುವಂಥದ್ದು. ಫಲಕದಲ್ಲಿ ಇದಕ್ಕೆ ಜಾಗ ಕಡಿಮೆ ಕೊಡಬೇಡಿ.

– ಪಶುವೈದ್ಯ

*

> ಹುಲ್ಲಿನ ಮುಳ್ಳು

ಮುಳ್ಳು ಯಾಕೆ? ‘ಸುಂಕು’ ಇಲ್ವಾ? ಕಣ ಮಾಡಿದವರಿಗೆಲ್ಲ ಗೊತ್ತು, ಮೈಗೆ ತಾಗಿದರೆ ಕೆರೆತ.

ಗುಳ್ಳೆಗೆ ‘ಬೊಬ್ಬೆ’ ಇನ್ನೂ ಚೆನ್ನ. ಸುಟ್ಟರೆ ಬರುವುದು ಬೊಬ್ಬೆ ತಾನೇ? ಆ ಜೀರುಂಡೆ ‘ಬೊಬ್ಬೆಹುಳ’. ಹಲ್ಲಿಲ್ಲದ ಜಾಗ ‘ಬರಿಯೊಸಡು’. ಬಾಯಿಯ ಮೂಲೆಗೆ ‘ಕಟವಾಯಿ’. ಇಷ್ಟೆಲ್ಲಾ ಕನ್ನಡದಲ್ಲೇ ಇದೆ.

– ನುಡಿಗಾರ

*

ಸುಂಕು ಅಂತ ಹಾಕಿದರೆ ಅಚ್ಚಿನಲ್ಲಿ ಸುಂಕ ಆಗುತ್ತದೆ. ‘ಸುಂಕದಿಂದ ಬಾಯಿಗಾಯ’. ತೆರಿಗೆ ಇಲಾಖೆ ನೋಟಿಸ್ ಅಂದುಕೊಳ್ಳುತ್ತಾರೆ. ಬೊಬ್ಬೆ ಎಂದರೆ ಕುದುರೆ ಕೂಗಾಡುತ್ತಿದೆ ಎಂದಾಗುತ್ತದೆ.

ಬರಿಯೊಸಡು ಮಾತ್ರ ಚೆನ್ನಾಗಿದೆ. ಬಿಡಿಸಿ ‘ಬರಿ ಒಸಡು’ ಅಂತ ಬರೆಯಿರಿ. ಕಟವಾಯಿಯೂ ಇರಲಿ, ಜೊಲ್ಲಿನ ಜೊತೆ ಬರುವ ಪದವಾದ್ದರಿಂದ ಇಲ್ಲಿ ಕೂರುತ್ತದೆ.

– ಕರಡು ತಿದ್ದುವವ

*

ಸುಂಕು ಸಂಸ್ಕೃತದ ‘ಶೂಕ’ದ ತದ್ಭವ. ಅಚ್ಚಗನ್ನಡ ಎಂದು ಎದೆ ತಟ್ಟಿಕೊಳ್ಳುವ ಮೊದಲು ನೋಡಿಕೊಳ್ಳಬೇಕು. ಇನ್ನು ನಾನು ಸೂಚಿಸಿದ ‘ಖಲೀನ’ದ ಬಗ್ಗೆ ಯಾರೂ ತುಟಿ ಬಿಚ್ಚಿಲ್ಲ. ಪಾರಸಿಯ ಲಗಾಮು ನಡೆಯುತ್ತದೆ, ಜೀನು ನಡೆಯುತ್ತದೆ, ಸವಾರ ನಡೆಯುತ್ತದೆ. ಸಂಸ್ಕೃತ ಬಂದರೆ ಮಾತ್ರ ಮೈ ಉರಿ.

– ಪಂಡಿತ

*

> ನಾನು ಸೂಚಿಸಿದ ‘ಖಲೀನ’

ತುಟಿ ಬಿಚ್ಚುತ್ತೇನೆ. ಖಲೀನ ಸಂಸ್ಕೃತದ್ದೂ ಅಲ್ಲ. ಗ್ರೀಕರ ‘ಖಲಿನೋಸ್’ ಕುದುರೆಯ ಜೊತೆಗೇ ಬಂದದ್ದು ಎಂದು ಪದಮೂಲ ಬಲ್ಲವರು ಹೇಳುತ್ತಾರೆ. ಎರವಲನ್ನು ಎರವಲಿನಿಂದ ಶುದ್ಧ ಮಾಡಲು ಹೊರಟಿದ್ದೀರಿ. ಕಡಿವಾಣ ನಮ್ಮದು. ಅದರ ‘ಕಡಿ’ ಕಚ್ಚುವ ಕಡಿ. ತಮಿಳಿನಲ್ಲೂ ಕಡಿವಾಳಂ ಇದೆ. ಹಾಗೆಯೇ ಜೀನು ಬಿಟ್ಟು ‘ಹಲ್ಲಣ’, ಸವಾರ ಕಾಲಿಡುವ ರಿಕಾಪು ಬಿಟ್ಟು ‘ಅಂಕವಣೆ’ ಎಂದು ಬಳಸಿದರೆ ಪಾರಸಿಯೂ ಬೇಡ, ಸಂಸ್ಕೃತವೂ ಬೇಡ.

– ನುಡಿಗಾರ

*

ಹಲ್ಲಣ = ಸಂಸ್ಕೃತದ ಪರ್ಯಾಣ. ಪ್ರಾಕೃತದ ಮೂಲಕ ಬಂದದ್ದು. ಮುಂದೆ ಹೇಳಿ.

– ಪಂಡಿತ

*

ಇಬ್ಬರೂ ಗೆದ್ದಿರಿ. ಕುದುರೆಯ ಮೈಮೇಲಿನ ಸಾಮಾನಿನಲ್ಲಿ ಅರ್ಧಕ್ಕರ್ಧ ಹೊರಗಿನ ಹೆಸರು. ಕುದುರೆಯನ್ನು ತಂದವರು, ಮಾರಿದವರು, ಪಳಗಿಸಿದವರು ಹೆಸರನ್ನೂ ತಂದರು. ಬಾಯಿಯೊಳಗಿನದು ನೋಡಿ: ಹಲ್ಲು, ನಾಲಿಗೆ, ಒಸಡು, ಅಂಗುಳು, ಜೊಲ್ಲು. ಒಂದೂ ಎರವಲಲ್ಲ. ಫಲಕ ಬಾಯಿಯ ಬಗ್ಗೆ ತಾನೇ? ಜೀನಿನ ಜಗಳ ಇಲ್ಲಿ ಯಾಕೆ?

ಹಲ್ಲು ಉಜ್ಜುವುದಕ್ಕೆ ಇನ್ನೂ ಯಾರೂ ಪದ ಕೊಟ್ಟಿಲ್ಲ. ‘ಹಲ್ಲುಜ್ಜುವುದು’ ಅಂದರೆ ಬ್ರಷ್ ಹಿಡಿಯುತ್ತಾರೆ. ‘ಅರ ಹಾಕುವುದು’ ಅನ್ನಿ. ಗರಗಸದ ಹಲ್ಲಿಗೆ ಹಾಕುವ ಅರವೇ, ಕುದುರೆಯ ಹಲ್ಲಿಗೂ ಅರವೇ.

– ಕರಡು ತಿದ್ದುವವ

*

ಅರ ಸರಿಯಾದ ಪದ. ನಾವು ಬಳಸುವ ಸಾಧನವೂ ಉದ್ದ ಹಿಡಿಯ ಅರವೇ. ಆದರೆ ಸವಾರನೇ ಕೈಗೆ ಅರ ತೆಗೆದುಕೊಂಡಾನು. ‘ವೈದ್ಯರಿಂದ ಅರ ಹಾಕಿಸಿ’ ಅಂತ ಬರೆಯಿರಿ. ಜಾಸ್ತಿ ತೆಗೆದರೆ ಹಲ್ಲಿನ ಜೀವಕ್ಕೇ ಪೆಟ್ಟು. ಚೂಪಷ್ಟೇ ಹೋಗಬೇಕು, ಜಗಿಯುವ ಮೇಲ್ಮೈ ಒರಟಾಗಿಯೇ ಇರಬೇಕು. ನುಣ್ಣಗಾದರೆ ಹುಲ್ಲು ಅರೆಯಲು ಆಗುವುದಿಲ್ಲ.

– ಪಶುವೈದ್ಯ

*

ಎಲ್ಲರಿಗೂ ವಂದನೆ. ಮುದ್ರಣದವರು ಎರಡು ಸಲ ಫೋನ್ ಮಾಡಿದರು. ಇದನ್ನು ಕಳಿಸುತ್ತಿದ್ದೇನೆ:

“ಕುದುರೆಯ ಬಾಯಿ ನೋವು: ಗಾಯವೇ, ಗುಳ್ಳೆಯೇ, ಹುಣ್ಣೇ?
ಜೊಲ್ಲು ಸುರಿಸುತ್ತಿದೆಯೇ? ಕಡಿವಾಣ ಹಾಕಲು ಬಿಡುತ್ತಿಲ್ಲವೇ? ತೊಟ್ಟಿಯ ಕೆಳಗೆ ಅರೆ ಜಗಿದ ಹುಲ್ಲಿನ ಉಂಡೆ ಬಿದ್ದಿದೆಯೇ? ಕಡಿವಾಣ ತೆಗೆಯಿರಿ.
ಗಾಯ ಇದ್ದರೆ: ಕೆನ್ನೆ ಅಥವಾ ನಾಲಿಗೆಯ ಬದಿಯಲ್ಲಿದ್ದರೆ ಚೂಪು ಹಲ್ಲು ಇರಬಹುದು, ವೈದ್ಯರಿಂದ ಅರ ಹಾಕಿಸಿ. ಕಟವಾಯಿ ಅಥವಾ ಬರಿ ಒಸಡಿನಲ್ಲಿದ್ದರೆ ಕಡಿವಾಣದ ಅಳತೆ ನೋಡಿ. ತುಟಿಯ ಒಳಗಿದ್ದರೆ ಒಣಹುಲ್ಲಿನಲ್ಲಿ ಮುಳ್ಳಿದೆಯೇ ನೋಡಿ.
ಗುಳ್ಳೆ ಅಥವಾ ಹುಣ್ಣು ಇದ್ದರೆ: ಬರಿಗೈಯಲ್ಲಿ ಮುಟ್ಟಬೇಡಿ. ಕುದುರೆಯನ್ನು ಬೇರೆ ಕಟ್ಟಿ. ತೊಟ್ಟಿ, ಕಡಿವಾಣ ಬೇರೆ ಇರಲಿ. ವೈದ್ಯರನ್ನು ಕೂಡಲೇ ಕರೆಯಿರಿ. ನೋವಿನ ಔಷಧಿ ನೀವೇ ಕೊಡಬೇಡಿ.”

– ಅನುವಾದಕಿ

*

ಚೆನ್ನಾಗಿದೆ. ಒಂದೇ ತಿದ್ದುಪಡಿ, ಇನ್ನೂ ಹೋಗಿಲ್ಲದಿದ್ದರೆ. ಗುಳ್ಳೆಯ ಸಾಲಿನಲ್ಲಿ ‘ಮೇವು ನಿಲ್ಲಿಸಿ, ಅದರ ಒಂದು ಹಿಡಿ ವೈದ್ಯರಿಗೆ ತೋರಿಸಲು ಎತ್ತಿಡಿ’ ಅಂತ ಸೇರಿಸಿ. ಜೀರುಂಡೆ ಬಿಟ್ಟುಹೋಗಿದೆ.

– ಪಶುವೈದ್ಯ

*

‘ಔಷಧಿ’ ಅಲ್ಲ, ‘ಔಷಧ’. ಔಷಧಿ ಎಂದರೆ ಮೂಲಿಕೆ.

– ಪಂಡಿತ

*

‘ಮದ್ದು’.

– ನುಡಿಗಾರ