ಗೇಮ್ ಓಪನ್ ಆಗುವ ಮೊದಲೇ ಕ್ರ್ಯಾಶ್: ಫಾರ್ಮ್ಯಾಟ್ ಮಾಡಬೇಕಾ?

ಪ್ರಶ್ನೆ: ಸರ್, ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್. 16 ಜಿಬಿ ರ‍್ಯಾಮ್ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಕೂಡ ಇದೆ. ಹಳೆಯದೊಂದು ಕಾರ್ ರೇಸಿಂಗ್ ಗೇಮ್ ದುಡ್ಡು ಕೊಟ್ಟು ತೆಗೆದುಕೊಂಡೆ. ಡಬಲ್ ಕ್ಲಿಕ್ ಮಾಡಿದರೆ ಕರ್ಸರ್ ಸ್ವಲ್ಪ ಹೊತ್ತು ತಿರುಗುತ್ತದೆ, ಆಮೇಲೆ ಏನೂ ಇಲ್ಲ. ಎರರ್ ಮೆಸೇಜ್ ಕೂಡ ಬರುವುದಿಲ್ಲ. ಡ್ರೈವರ್ ಅಪ್‌ಡೇಟ್ ಮಾಡಿದೆ, ಗೇಮ್ ತೆಗೆದು ಮತ್ತೆ ಹಾಕಿದೆ. ವಿಂಡೋಸನ್ನೇ ಫಾರ್ಮ್ಯಾಟ್ ಮಾಡು ಅಂತ ಗೆಳೆಯರು ಹೇಳುತ್ತಿದ್ದಾರೆ. ಮಾಡಿಬಿಡಲಾ?

ಉತ್ತರ: ಈಗಲೇ ಬೇಡ. ಪರದೆ ಮೇಲೆ ಮೆಸೇಜ್ ಬರದಿದ್ದರೂ ವಿಂಡೋಸ್ ಸಾಮಾನ್ಯವಾಗಿ ಕ್ರ್ಯಾಶನ್ನು ಬರೆದಿಟ್ಟಿರುತ್ತದೆ. ಸ್ಟಾರ್ಟ್‌ನಲ್ಲಿ ‘ಈವೆಂಟ್ ವ್ಯೂವರ್’ ಹುಡುಕಿ. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಗೇಮ್ ಓಡಿಸಿದ ಸಮಯಕ್ಕೆ ‘ಅಪ್ಲಿಕೇಶನ್ ಎರರ್’, ಈವೆಂಟ್ ಐಡಿ 1000 ಅಂತ ಕೆಂಪು ಗುರುತಿನ ಸಾಲು ಇರುತ್ತದೆ. ಅದರಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್’ (ಎಡವಿದ ಫೈಲ್) ಮತ್ತು ‘ಎಕ್ಸೆಪ್ಶನ್ ಕೋಡ್’ (ತಪ್ಪಿನ ಸಂಖ್ಯೆ) ಏನಿದೆ ತಿಳಿಸಿ.

ಮಾಡ್ಯೂಲ್ ಹೆಸರು ‘ಎನ್‌ವಿ’ ಅಂತ ಶುರುವಾದರೆ ಎನ್ವಿಡಿಯಾ ಡ್ರೈವರ್ ಕಡೆ ನೋಡಬೇಕು. ಗೇಮ್‌ನ ಸ್ವಂತ ಫೈಲ್ ಹೆಸರೇ ಇದ್ದರೆ ದಾರಿ ಬೇರೆ. ಗೇಮ್ ಸೆಟ್ಟಿಂಗ್ಸ್ ಇಡುವ ಫೋಲ್ಡರ್ ಡಾಕ್ಯುಮೆಂಟ್ಸ್‌ನಲ್ಲಿ ಆಗಿದೆಯಾ ಅಂತಲೂ ನೋಡಿ.

ಪ್ರಶ್ನೆ ಕೇಳಿದವರು: ಮಾಡ್ಯೂಲ್‌ನಲ್ಲಿ ಗೇಮ್‌ನ ಇಎಕ್ಸ್‌ಇ ಹೆಸರೇ ಇದೆ. ಕೋಡ್ ಸಿ0000005. ಡಾಕ್ಯುಮೆಂಟ್ಸ್‌ನಲ್ಲಿ ಅಂಥ ಫೋಲ್ಡರ್ ಇಲ್ಲವೇ ಇಲ್ಲ ಸರ್.

ಉತ್ತರ: ಆ ಕೋಡ್ ಅಂದರೆ ಗೇಮ್ ತನ್ನದಲ್ಲದ ಮೆಮೊರಿಗೆ ಕೈಹಾಕಿದೆ. ಇದೊಂದರಿಂದ ಕಾರಣ ಗೊತ್ತಾಗುವುದಿಲ್ಲ. ಆದರೆ ಫೋಲ್ಡರ್ ಕೂಡ ಆಗಿಲ್ಲ ಅಂದಿರಲ್ಲ, ಅಲ್ಲಿ ಸುಳಿವಿದೆ. ಎರಡು ಕಡೆ ನೋಡಿ. ಒಂದು, ವಿಂಡೋಸ್ ಸೆಕ್ಯೂರಿಟಿಯ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್‌ನಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಇದೆಯಾ? ಇದ್ದರೆ ಡಾಕ್ಯುಮೆಂಟ್ಸ್‌ಗೆ ಬರೆಯಲು ಗೇಮನ್ನು ಅದೇ ಬಿಡುತ್ತಿಲ್ಲದಿರಬಹುದು. ಇನ್ನೊಂದು, ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ತೆರೆಯಿರಿ. ನಿಮ್ಮ ಹೆಸರಿನ ಫೋಲ್ಡರ್ ಯಾವ ಲಿಪಿಯಲ್ಲಿದೆ?

ಪ್ರಶ್ನೆ ಕೇಳಿದವರು: ಮೊದಲನೆಯದು ಆಫ್ ಇದೆ. ಫೋಲ್ಡರ್ ಹೆಸರು ಕನ್ನಡದಲ್ಲಿದೆ. ಲ್ಯಾಪ್‌ಟಾಪ್ ತಂದ ದಿನ ಅಪ್ಪ ಕನ್ನಡದಲ್ಲೇ ಟೈಪ್ ಮಾಡಿದ್ದರು. ಅದರಿಂದ ಗೇಮ್ ನಿಲ್ಲುತ್ತದಾ?

ಉತ್ತರ: ಹೌದು, ನಿಲ್ಲಬಹುದು. ನಿಮ್ಮಲ್ಲಿ ಆಗಿರುವುದೂ ಇದೇ ಅನಿಸುತ್ತದೆ. ಅಪ್ಪ ಮಾಡಿದ್ದರಲ್ಲಿ ಮಾತ್ರ ಏನೂ ತಪ್ಪಿಲ್ಲ.

ಹಳೆಯ ರೀತಿಯಲ್ಲಿ ಬರೆದ ಪ್ರೋಗ್ರಾಮ್‌ಗಳು ಫೈಲ್ ದಾರಿಯನ್ನು ‘ಕೋಡ್ ಪೇಜ್’ ಎಂಬ ಪಟ್ಟಿಯ ಮೂಲಕ ಓದುತ್ತವೆ. ನಮ್ಮಲ್ಲಿನ ಇಂಗ್ಲಿಷ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಇರುವುದು 1252 ಎಂಬ ಪಟ್ಟಿ. ಅದರಲ್ಲಿ ಹೆಚ್ಚೆಂದರೆ 256 ಅಕ್ಷರಕ್ಕೆ ಜಾಗ, ಕನ್ನಡ ಇಲ್ಲ. ಇಲ್ಲದ ಅಕ್ಷರ ಬಂದರೆ ಅದು ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತದೆ. ವಿಂಡೋಸ್‌ನಲ್ಲಿ ಫೋಲ್ಡರ್ ಹೆಸರಿಗೆ ಆ ಚಿಹ್ನೆ ಹಾಕುವಂತೆಯೇ ಇಲ್ಲ. ಹಾಗಾಗಿ ಗೇಮ್ ಕೇಳುವ ಜಾಗ ಡಿಸ್ಕ್‌ನಲ್ಲಿ ಸಿಗುವುದಿಲ್ಲ. ಸೆಟ್ಟಿಂಗ್ಸ್ ಫೈಲ್ ತೆರೆಯಿತಾ ಇಲ್ಲವಾ ಅಂತ ನೋಡದೆ ಗೇಮ್ ಮುಂದೆ ಹೋದರೆ ನಿಮಗೆ ಬಂದ ಕೋಡೇ ಬರಬಹುದು.

ರಷ್ಯನ್‌ಗೆ 1251, ಜಪಾನಿಗೆ 932 ಅಂತ ಪಟ್ಟಿಗಳಿವೆ. ಅವರು ಸಿಸ್ಟಮ್ ಲೊಕೇಲ್ (ಹಳೆಯ ಪ್ರೋಗ್ರಾಮ್‌ಗಳಿಗೆ ಯಾವ ಪಟ್ಟಿ ಅಂತ ಹೇಳುವ ಸೆಟ್ಟಿಂಗ್) ಬದಲಿಸಿ ಪಾರಾಗಬಹುದು. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಪಟ್ಟಿ ಇಲ್ಲ, ಕನ್ನಡ ಇರುವುದು ಯೂನಿಕೋಡ್‌ನಲ್ಲಿ, ಅಂದರೆ ಬೇರೆ ಬೇರೆ ಭಾಷೆಗಳ ಅಕ್ಷರಗಳೆಲ್ಲ ಇರುವ ಒಂದೇ ದೊಡ್ಡ ಪಟ್ಟಿಯಲ್ಲಿ ಮಾತ್ರ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಎಂಬ ಕನ್ನಡ ಫಾಂಟ್ ಬಂದಿತ್ತು. ಅದಾದ ಮೇಲೆ ಬಂದ ಗೇಮ್‌ಗಳೂ ಹೀಗೆ ಮುಗ್ಗರಿಸುವುದು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯೂನಿಕೋಡ್ ಫಂಕ್ಷನ್‌ಗಳು ಆಗಲೇ ಇದ್ದವು. ಬಳಸಿದ್ದರೆ ಸಾಕಿತ್ತು.

ಈಗ ಮಾಡಬೇಕಾದದ್ದು: ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ಹೊಸ ಲೋಕಲ್ ಅಕೌಂಟ್ ಮಾಡಿ. ಹೆಸರು ಬರೀ ಇಂಗ್ಲಿಷ್ ಅಕ್ಷರದಲ್ಲಿರಲಿ, ನಡುವೆ ಜಾಗ ಬೇಡ. ಅದರಲ್ಲಿ ಲಾಗಿನ್ ಆಗಿ ಗೇಮ್ ಓಡಿಸಿ. ಹಳೆಯ ಅಕೌಂಟ್ ಹಾಗೇ ಇರಲಿ. ಅದರ ಹೆಸರನ್ನು ಸುಮ್ನೆ ಬದಲಿಸಿದರೆ ಪ್ರಯೋಜನ ಇಲ್ಲ. ಕಾಣುವ ಹೆಸರು ಬದಲಾಗುತ್ತದೆ, ಫೋಲ್ಡರ್ ಹೆಸರು ಬದಲಾಗುವುದಿಲ್ಲ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಡುವ ಜಾಗ) ತಿದ್ದಿ ಫೋಲ್ಡರ್ ಹೆಸರು ಬದಲಿಸಲು ಹೋಗಬೇಡಿ. ಒಂದು ಕಡೆ ತಪ್ಪಿದರೂ ನಿಮ್ಮ ಅಕೌಂಟ್ ಸರಿಯಾಗಿ ತೆರೆಯದೆ ಹೋಗಬಹುದು. ಫಾರ್ಮ್ಯಾಟ್ ಮಾಡಿ ಮತ್ತೆ ಕನ್ನಡದಲ್ಲೇ ಹೆಸರು ಹಾಕಿದ್ದರೂ ಇದೇ ತೊಂದರೆ ವಾಪಸ್ ಬರುತ್ತಿತ್ತು.

ಪ್ರಶ್ನೆ ಕೇಳಿದವರು: ಹೊಸ ಅಕೌಂಟ್‌ನಲ್ಲಿ ಗೇಮ್ ಓಪನ್ ಆಯಿತು ಸರ್! ತುಂಬಾ ಥ್ಯಾಂಕ್ಸ್.

ಇನ್ನೊಬ್ಬ ಸದಸ್ಯರು: ರೀಜನ್ ಸೆಟ್ಟಿಂಗ್‌ನಲ್ಲಿ ‘ಯುಟಿಎಫ್-8’ ಬೀಟಾ ಅಂತ ಒಂದು ಟಿಕ್ ಇದೆಯಲ್ಲ, ಅದನ್ನು ಹಾಕಿದರೆ ಅಕೌಂಟ್ ಬದಲಿಸುವ ಕೆಲಸವೇ ಇರುವುದಿಲ್ಲ ಅಲ್ವಾ?

ಉತ್ತರ: ಅದು ಹಳೆಯ ಪ್ರೋಗ್ರಾಮ್‌ಗಳಿಗೂ ಯೂನಿಕೋಡ್ ಪಟ್ಟಿಯನ್ನೇ ಕೊಡುವ ಸೆಟ್ಟಿಂಗ್, ಕೆಲವು ಗೇಮ್‌ಗಳಿಗೆ ಕೆಲಸ ಮಾಡುತ್ತದೆ. ಆದರೆ ಅದು ಇಡೀ ಕಂಪ್ಯೂಟರ್‌ಗೆ ಅನ್ವಯಿಸುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳ ಕಡತಗಳನ್ನು ಹಳೆಯ ಪ್ರೋಗ್ರಾಮ್‌ನಲ್ಲಿ ತೆರೆದರೆ ಅಕ್ಷರ ಕಲಸಿಹೋಗಬಹುದು. ಮನೆಯಲ್ಲಿ ಯಾರಾದರೂ ಅದೇ ಕಂಪ್ಯೂಟರ್‌ನಲ್ಲಿ ಆಫೀಸ್ ಪತ್ರ ಟೈಪ್ ಮಾಡುವವರಿದ್ದರೆ ಆ ಟಿಕ್ ಮುಟ್ಟಬೇಡಿ. ಬೇರೆ ಅಕೌಂಟೇ ಸುರಕ್ಷಿತ. ಜೊತೆಗೆ ಗೇಮ್ ಮಾಡಿದವರಿಗೂ ಒಂದು ಇಮೇಲ್ ಹಾಕಿ. ಯೂಸರ್ ಫೋಲ್ಡರ್ ಕನ್ನಡದಲ್ಲಿದ್ದರೆ ಕ್ರ್ಯಾಶ್ ಆಗುತ್ತದೆ ಅಂತ ಬರೆದು, ಈವೆಂಟ್ ವ್ಯೂವರ್‌ನ ಆ ಸಾಲುಗಳನ್ನೂ ಅಂಟಿಸಿ.